ಕಿತ್ತರೂ ಬಾರದ ಮೀಸೆ

ಬೆಳಗಾದರೂ ಚಮನಸಾಬನ ಮೀಸೆ ಕಿತ್ತು ಬರಲಿಲ್ಲ. ಹಿಂದಿನ ಸಂಜೆ ಬ್ಯಾಡಗಿಯ ಗೆಳೆಯರು ಸೇರಿ ಆಡಿದ ನಾಟಕದಲ್ಲಿ ಅವನದು ಸತ್ಯವಂತ ರಾಜನ ಪಾತ್ರ. ಗೋಂದು ಮುಗಿದಿದೆಯೆಂದು ಮೇಕಪ್ಪಿನವನು ಸೈಕಲ್ ಪಂಕ್ಚರಿಗೆ ಹಚ್ಚುವ ಸಲೂಷನ್ ಬಳಿದು ಮೀಸೆ ಅಂಟಿಸಿದ್ದ. ಕೊಬ್ಬರಿ ಎಣ್ಣೆಗೂ ಅದು ಜಗ್ಗಲಿಲ್ಲ, ಸೀಮೆಎಣ್ಣೆಗೂ ಜಗ್ಗಲಿಲ್ಲ. ಎಳೆದರೆ ತುಟಿಯೇ ಕೈಗೆ ಬರುವಂತಿತ್ತು.

ಆ ರಾಜ ಎಂಥವನೆಂದರೆ, ಮುತ್ತಿಗೆ ಹಾಕಿದ ವೈರಿ ಕೇಳಿದನೆಂದು ಕೋಟೆಯ ಕಳ್ಳಬಾಗಿಲು ಎಲ್ಲಿದೆಯೆಂಬುದನ್ನೂ ಹೇಳಿಬಿಡುವವನು. ಆ ಸತ್ಯಕ್ಕೆ ವೈರಿ ಕರಗಿ ಕಣ್ಣೀರಿಟ್ಟು ದಂಡು ಹಿಂತೆಗೆಯುತ್ತಾನೆ. ನೋಡಲು ಬಂದವರೂ ಗೊಳೋ ಎಂದು ಅತ್ತಿದ್ದರು. ಆ ಅಳು ಚಮನಸಾಬನ ತಲೆಗೆ ಸ್ವಲ್ಪ ಏರಿತ್ತು ಎನ್ನಬೇಕು.

ಓಣಿಯ ನಲ್ಲಿಯ ಹತ್ತಿರ ಪಕ್ಕದ ಮನೆಯ ಶೇಖವ್ವ ಅವನನ್ನು ಅಡ್ಡಗಟ್ಟಿದಳು.

"ಬಾರಪ್ಪಾ ಮಹಾರಾಜಾ! ನೀನ ಹೇಳು, ಪಾಳಿ ಬಿಟ್ಟು ಕೊಡ ಇಟ್ಟಾಕಿ ನಾನೋ, ನಿನ್ನ ಹೇಣ್ತಿನೋ?"

ಹೆಂಡತಿ ಹಾಜಿರಾಬಿ ಕಣ್ಣು ಕೆಕ್ಕರಿಸಿ ನಿಂತಿದ್ದಳು. ಚಮನಸಾಬ ಮೀಸೆ ಮುಟ್ಟಿಕೊಂಡು, "ನಮ್ಮಾಕೀನ" ಎಂದ.

"ಚಲೋ ಆತು. ನಾಷ್ಟಾನೂ ಶೇಖಕ್ಕನ ಮನ್ಯಾಗ ಮಾಡ್ರಿ" ಎಂದು ಹಾಜಿರಾಬಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶೇಖವ್ವ ನೀರು ತುಂಬಿಕೊಂಡು ಹೋದಳೇ ಹೊರತು ನಾಷ್ಟಾದ ಮಾತೆತ್ತಲಿಲ್ಲ.

ಖಾಲಿ ಹೊಟ್ಟೆಯಲ್ಲೇ ಅವನು ಮೈಲಾರೆಪ್ಪ ಸಾವಕಾರನ ಮೆಣಸಿನಕಾಯಿ ಅಂಗಡಿಗೆ ಬಂದ. ಬಂದ ಖರೀದಿದಾರರಿಗೆ ಮಾಲು ತೋರಿಸುವುದು ಅಲ್ಲಿ ಅವನ ಕೆಲಸ. ಸಾವಕಾರ ಅಗ್ಗದಲ್ಲಿ ಕೊಂಡ ಕಾಯಿಗೆ ತೂಕ ಬರಲೆಂದು ನೀರು ಹೊಡೆಸಿದ್ದ. ಮೇಲೆ ಗರಿಗರಿ, ತಳದಲ್ಲಿ ತಂಗಳ ರೊಟ್ಟಿಯಂತೆ ಮೆತ್ತಗೆ.

"ರಾಣೆಬೆನ್ನೂರಿನ ಖರೀದಿದಾರ ಕಿರಣಕುಮಾರ ನಿನ್ನೆ ನಿನ್ನ ನಾಟಕ ನೋಡ್ಯಾನಂತ" ಎಂದ ಸಾವಕಾರ. "ಇವತ್ತ ಬಂದು ನಿನ್ನನ್ನ ಕೇಳ್ತಾನ. ಒಣಗೈತಿ ಅಂದಿ, ಕೆಲಸ ಉಳೀತು. ಇಲ್ಲಾಂದ್ರ ಕಿರೀಟ ಇಟ್ಕೊಂಡು ಮನ್ಯಾಗ ಕುಂದ್ರು."

ಕೆಲಸ ಹೋದರೆ ಹಾವೇರಿಯಲ್ಲಿ ಏಲಕ್ಕಿ ಮಾಲೆ ಕಟ್ಟುವ ಹೆಂಡತಿಯ ಅಣ್ಣನ ಕೈಕೆಳಗೆ ದುಡಿಯಬೇಕು. ಮದುವೆಯ ದಿನದಿಂದಲೂ ಇವನನ್ನು ದಂಡಪಿಂಡ ಎನ್ನುತ್ತ ಬಂದ ಮಹಾಶಯ ಅವನು. ಚಮನಸಾಬ ಸುಳ್ಳೇ ಹೇಳಿಬಿಡುವುದೆಂದು ನಿಶ್ಚಯಿಸಿದ. ಒಂದು ಮಾತು ತಾನೇ!

ಕಿರಣಕುಮಾರ ಬಂದವನೇ ಕೈ ಮುಗಿದ. "ನಿನ್ನೆ ಅಳಿಸಿಬಿಟ್ರಿ ಬಿಡ್ರಿ, ಚಮನಸಾಬ್ರ. ಅದ ಬಾಯಿಲೆ ಹೇಳ್ರಿ, ಮಾಲು ಹೆಂಗೈತಿ?"

ಹಮಾಲರು ಕೆಲಸ ಬಿಟ್ಟು ನಿಂತರು. 'ಒಣಗೈತಿ' ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಹಾಳಾದ ಕೈ ತಾನಾಗಿಯೇ ಮೀಸೆಗೆ ಹೋಯಿತು.

"ನೀರೈತ್ರಿ. ತಳದಾಗ ನೀರು ಹೊಡದಾರ."

ಸಾವಕಾರನ ಮುಖ ಎದುರಿನ ರಾಶಿಗಿಂತ ಕೆಂಪಾಯಿತು. ಕಿರಣಕುಮಾರ ಒಂದು ಗಳಿಗೆ ಪಿಳಿಪಿಳಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಲೆ! ಎಂಥಾ ನಟನ್ನ ಇಟ್ಟೀರಿ ಸಾವಕಾರ್ರ! ತಮ್ಮ ಮಾಲಿಗೆ ತಾವ ಯಾರರ ಕೆಟ್ಟ ಹೆಸರಿಡ್ತಾರೇನ್ರಿ? ನಮ್ಮನ್ನ ಹೆದರಿಸಿ ಓಡಿಸಿ, ಕಡಿಮಿ ದರಕ್ಕ ನಿಮ್ಮ ಬೀಗರಿಗೆ ಕೊಡಬೇಕಂತೀರೇನು?"

"ಖರೇನ ನೀರೈತ್ರಿ! ತಳಕ್ಕ ಕೈ ಹಾಕಿ ನೋಡ್ರಿ!" ಚಮನಸಾಬನ ಕಣ್ಣು ಒದ್ದೆಯಾಯಿತು.

"ನಿನ್ನೆನೂ ಹಿಂಗ ಅತ್ತಿದ್ರಿ" ಎಂದ ಕಿರಣಕುಮಾರ, ಎಲ್ಲರಿಗಿಂತ ಹೆಚ್ಚಿನ ದರ ಬರೆದು ಟೆಂಡರ್ ಚೀಟಿ ಹಾಕಿದ. ಮಧ್ಯಾಹ್ನ ಚೀಟಿ ಬಿಚ್ಚಿದಾಗ ರಾಶಿ ಅವನ ಪಾಲಾಯಿತು.

ಕೆಲಸ ಹೋಯಿತೆಂದು ಚಮನಸಾಬ ಚೀಲ ಹೆಗಲಿಗೇರಿಸಿ ಹೊರಟಿದ್ದ. ಸಾವಕಾರ ಕರೆದು ಪಕ್ಕದಲ್ಲೇ ಕೂರಿಸಿಕೊಂಡು ಮಂಡಕ್ಕಿ ಗಿರಮಿಟ್ಟು, ಚಹಾ ತರಿಸಿದ. ಸತ್ಯಕ್ಕೆ ಬೆಲೆಯಿದೆ ಎಂದು ಚಮನಸಾಬನ ಎದೆಯುಬ್ಬಿತು.

"ನಾಳೆನೂ ಹಿಂಗ ಹೇಳು" ಎಂದ ಸಾವಕಾರ, ಬಿಸಿಲಿಗೆ ಚೆನ್ನಾಗಿ ಒಣಗಿದ ಇನ್ನೊಂದು ರಾಶಿ ತೋರಿಸಿ. "ಅದರಾಗೂ ನೀರೈತಿ ಅನ್ನು."

"ಅದು ಖರೇನ ಒಣಗೈತಲ್ರಿ!"

"ಒಣಗಿದ್ರ ಏನಾತು? ನೀ ನೀರೈತಿ ಅಂದ್ರ ದರ ಏರ್ತೈತಿ. ಇಲ್ಲಾಂದ್ರ ಹಾವೇರಿ ಬಸ್ ಹತ್ತು."

ಗಿರಮಿಟ್ಟಿನ ಖಾರಕ್ಕೆ ಬಂದ ಬೆವರಿಗೋ ಏನೋ, ಬೆಳಗಿನಿಂದ ಜಗ್ಗದ ಮೀಸೆ ಆಗ ತಾನಾಗಿಯೇ ಕಳಚಿ ತಟ್ಟೆಯಲ್ಲಿ ಬಿತ್ತು. ಸಾವಕಾರ ಅದನ್ನೆತ್ತಿ ಜೋಪಾನವಾಗಿ ಒರೆಸಿ, ಸಲೂಷನ್ ತರಲು ಹಮಾಲನನ್ನು ಸೈಕಲ್ ಅಂಗಡಿಗೆ ಓಡಿಸಿದ.