ನೆಗಡಿಗೆ ಕಂಪ್ಲೀಟ್ ಬೆಡ್ ರೆಸ್ಟ್

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಈ ಮಾತನ್ನು ನಾನು ಬಹಳ ದಿನ ನಂಬಿದ್ದೆ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯವರೂ ನಂಬಿದ್ದರು. ಯಾರ ಮನೆಗೆ ಇಂಗ್ಲಿಷ್ ಫೋನು ಬಂದರೂ ನನ್ನನ್ನೇ ಕರೆಯುತ್ತಿದ್ದರು, ಹಾವು ಬಂದಾಗ ಹಾವು ಹಿಡಿಯುವವನನ್ನು ಕರೆದ ಹಾಗೆ.

ಈ ವಿದ್ಯೆ ನನಗೆ ಒಲಿದದ್ದು ಮಾರಿಕುಪ್ಪಂ ರೈಲಿನಲ್ಲಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಕೋರಮಂಡಲ್‌ನ ಸೆಲ್ವರಾಜ್ ಅಂಕಲ್ ನನಗೊಂದು ಸೀಟು ಹಿಡಿದಿಟ್ಟಿರುತ್ತಿದ್ದರು. ಅವರ ತಾತ ಅಲ್ಲಿಯ ಚಿನ್ನದ ಗಣಿಯಲ್ಲಿ ಬಿಳಿ ದೊರೆಗಳ ಕೈಕೆಳಗೆ ದುಡಿದವರು. ಇಂಗ್ಲಿಷ್ ಆ ಮನೆಗೆ ಪಿತ್ರಾರ್ಜಿತವಾಗಿ ಬಂದಿತ್ತು.

"ತಂಬಿ, ಇಂಗ್ಲಿಷ್‌ನಲ್ಲಿ ಒಂದು ಮಾತನ್ನ ಒಂಟಿಯಾಗಿ ಕಳಿಸಬಾರ್ದು. ಮುಂದೆ ಜೋರಾಗಿರೋದು ಒಂದು ನಿಲ್ಸು. ಬರೀ ನಾನ್‌ಸೆನ್ಸ್ ಅಂದ್ರೆ ಯಾರು ಭಯಪಡ್ತಾರೆ? ಅಟ್ಟರ್ ನಾನ್‌ಸೆನ್ಸ್ ಅನ್ನು. ಆಮೇಲೆ ನೋಡು!"

ನೋಡಿದೆ. ಅಂದಿನಿಂದ ನನ್ನ ಬಾಯಲ್ಲಿ ಸೈಲೆನ್ಸ್ ಎಲ್ಲ ಪಿನ್ ಡ್ರಾಪ್ ಸೈಲೆನ್ಸ್ ಆಯಿತು, ಆರ್ಡರ್ ಎಲ್ಲ ಸ್ಟ್ರಿಕ್ಟ್ ಆರ್ಡರ್ ಆಯಿತು. ಒಂದು ದಿನ ಉಪ್ಪಿಟ್ಟು ಸೀದಾಗ ಹೆಂಡತಿ ರತ್ನನಿಗೆ "ಟೋಟಲ್ ಡಿಸಾಸ್ಟರ್" ಎಂದೆ. ಅವತ್ತು ನನಗೆ ಕಂಪ್ಲೀಟ್ ಉಪವಾಸ!

ಇಂಥ ಪಾಂಡಿತ್ಯ ಇಟ್ಟುಕೊಂಡಿರುವಾಗ ತಂಗಿ ಮಂಜುಳನಿಗೆ ಒಂದು ಸಂಬಂಧ ಬಂತು. ಹುಡುಗ ರಾಬರ್ಟ್‌ಸನ್‌ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಮಂಜುಳ ಯಾವುದೋ ನೆಪ ಹೇಳಿ ಪೇಟೆಗೆ ಹೋಗಿ, ರಸ್ತೆಯ ಎದುರು ಬದಿಯಿಂದಲೇ ಅವನನ್ನು ನೋಡಿಕೊಂಡು ಬಂದಳು. ಆಮೇಲೆ ಹಸುವಿನ ಜೊತೆ ಕೂಡ ನಗುನಗುತ್ತಾ ಮಾತಾಡತೊಡಗಿದಳು. ಇದೊಂದು ಕೂಡಿ ಬಂದರೆ ಸಾಕು ಎಂದು ಅಮ್ಮ ದೇವರಿಗೆ ಹರಕೆ ಹೊತ್ತಳು.

ಅವರು ಹೆಣ್ಣು ನೋಡಲು ಬರಬೇಕಿದ್ದ ವಾರವೇ ಮಂಜುಳನಿಗೆ ನೆಗಡಿ ಹಿಡಿಯಿತು. ಮೂಗು ಟೊಮೆಟೊ ಹಣ್ಣಾಯಿತು.

"ಲೇ, ಫೋನ್ ಮಾಡಿ ಏಳ್ಲಾ," ಎಂದಳು ಅಮ್ಮ. "ನೆಗಡಿ ಆಗೈತೆ, ಮುಂದಿನ್ ವಾರ ಬನ್ನಿ ಅನ್ನು. ಅಷ್ಟೇ ಸಾಕು."

ಅಷ್ಟೇ ಸಾಕೆ? ಬೀಗರಾಗುವವರ ಮುಂದೆ ನಮ್ಮ ಮರ್ಯಾದೆ ಏನಾಗಬೇಕು? ಹುಡುಗನ ತಂದೆ ಮುನಿನಾರಾಯಣಪ್ಪನವರು ಫೋನ್ ಎತ್ತಿದ ಕೂಡಲೇ ಗಂಟಲು ಸರಿಮಾಡಿಕೊಂಡೆ.

"ಡಾಕ್ಟರ್ ಸ್ಟ್ರಿಕ್ಟ್ ಆರ್ಡರ್ ಸಾರ್. ಹುಡುಗಿಗೆ ಕಂಪ್ಲೀಟ್ ಬೆಡ್ ರೆಸ್ಟ್!"

ಆ ಕಡೆ ಸದ್ದಿಲ್ಲ. ಪಿನ್ ಡ್ರಾಪ್!

"ಏನಾಗೈತಪ್ಪಾ ಮಗೀಗೆ?"

"ಸೀರಿಯಸ್ ಪ್ರಾಬ್ಲಂ ಏನಿಲ್ಲ ಸಾರ್. ಈಗ ಫುಲ್ ಕಂಟ್ರೋಲ್‌ನಲ್ಲಿದೆ."

"ಏನು ಕಂಟ್ರೋಲ್‌ನಾಗೈತೆ?"

ನೆಗಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟು ಎತ್ತರಕ್ಕೆ ಏರಿದವನು ನೆಗಡಿಗೆ ಇಳಿಯುವುದು ಹೇಗೆ? "ಇಮ್ಮೀಡಿಯೇಟ್ ಡೇಂಜರ್ ಏನೂ ಇಲ್ಲ ಸಾರ್!" ಎಂದೆ. ಫೋನ್ ಕಟ್ಟಾಯಿತು.

ಸಂಜೆಗೆ ಸಂಬಂಧ ತಂದಿದ್ದ ದಲ್ಲಾಳಿ ಅಮ್ಮನಿಗೆ ಫೋನ್ ಮಾಡಿದ. ಹುಡುಗಿಗೆ ಏನೋ ದೊಡ್ಡ ಕಾಯಿಲೆ ಇದೆಯಂತೆ, ಮುಚ್ಚಿಟ್ಟಿದ್ದೀರಂತೆ, ಅವರು ಬೇರೆ ಕಡೆ ನೋಡುತ್ತಾರಂತೆ. ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು.

"ಅಣ್ಣಾ, ನಿನ್ ಬಾಯಿಗೆ ಬೀಗ ಇಲ್ವಾ?" ಎಂದು ಮಂಜುಳ ಕೇಳಿದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿ, ಕೊಟ್ಟಿಗೆಗೆ ಹೋಗಿ ಅತ್ತಳು. ನನಗೆ ನಿಜವಾಗಿ ಭಯವಾಯಿತು, ನಾಚಿಕೆಯೂ ಆಯಿತು.

ಆದ ತಪ್ಪನ್ನು ಸರಿಪಡಿಸಲು ಮತ್ತೆ ಫೋನ್ ಮಾಡಿದೆ. ಅದು ಇನ್ನೂ ದೊಡ್ಡ ತಪ್ಪು!

"ಸಾರ್, ಇದು ಪ್ಯೂರ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ಹುಡುಗಿಗೆ ಪರ್ಫೆಕ್ಟ್ ಹೆಲ್ತ್. ಇದು ಅಬ್ಸಲ್ಯೂಟ್ ಟ್ರೂತ್!"

"ನಿಜ ಏಳೋರು ಇಷ್ಟೊಂದು ಒತ್ತಿ ಏಳಾಕಿಲ್ಲ ಕಣಪ್ಪಾ," ಎಂದರು ಅವರು. "ಆಗ್ಲಿ, ಭಾನ್ವಾರ ಬತ್ತೀವಿ. ನಮ್ಮಕ್ಕನ್ನೂ ಕರ್ಕೊಂಡ್ ಬತ್ತೀವಿ."

ಅವರಕ್ಕ ನರ್ಸಾಗಿ ನಿವೃತ್ತರಾದವರು!

ಭಾನುವಾರ ಬಂದರು. ಅಕ್ಕನವರು ಬೋಂಡದ ತಟ್ಟೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಂಜುಳನನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ಉಗುರು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಡಿ ಹಿಡಿದರು. "ಎಲ್ಲಿ, ಉಸ್ರು ಎಳ್ಕೊಮ್ಮಾ," ಎಂದರು. ಮಂಜುಳನ ಮುಖ ಅವಮಾನದಿಂದ ಕೆಂಪಾಯಿತು. ಹುಡುಗ ನೆಲ ನೋಡುತ್ತಾ ಕೂತ. ಅಮ್ಮ ಸೆರಗಿನ ತುದಿ ತಿರುಚುತ್ತಿದ್ದಳು. ನಾನು ಬಾಯಿ ತೆರೆದೆ. ರತ್ನ ನನ್ನನ್ನು ನೋಡಿದ ನೋಟಕ್ಕೆ ಹಾಗೇ ಮುಚ್ಚಿದೆ.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಕೂಗಿತು. ಡೇರಿಗೆ ಹಾಲು ಹಾಕುವ ಹೊತ್ತು. ನಮ್ಮ ಸೀಮೆಹಸು ಮಂಜುಳನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಆದರೆ ಹೆಣ್ಣು ನೋಡುವ ಶಾಸ್ತ್ರದ ಮಧ್ಯೆ ಹುಡುಗಿಯನ್ನು ಎಬ್ಬಿಸುವುದುಂಟೆ? ನಾನೇ ಬಕೆಟ್ ಹಿಡಿದು ಹೊರಟೆ. ಹಸುವಿಗೆ ಧೈರ್ಯ ತುಂಬಲು "ಪರ್ಫೆಕ್ಟ್ ಪೊಸಿಷನ್!" ಎಂದೆ.

ಒದೆಯಿತು.

ಬಿಳಿ ಅಂಗಿಯ ತುಂಬಾ ಸಗಣಿ ಮೆತ್ತಿಕೊಂಡು ಬೀಗರ ಮುಂದೆ ಬಂದು ನಿಂತೆ. ಮಂಜುಳ ನನ್ನನ್ನೊಮ್ಮೆ ನೋಡಿದಳು. ಯಾರನ್ನೂ ಕೇಳದೆ ಎದ್ದು, ರೇಷ್ಮೆ ಸೀರೆ ಎತ್ತಿ ಕಟ್ಟಿ ಕೊಟ್ಟಿಗೆಗೆ ಹೋದಳು. ಹಾಲು ಕರೆದು, ತುಂಬಿದ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಂಡು ಅಂಗಳದಲ್ಲಿ ಸರಸರನೆ ಹೊರಟಳು. ಅಕ್ಕನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನಿಂತ್ಕೊಮ್ಮಾ. ಬೆಡ್ ರೆಸ್ಟ್‌ನಾಗಿದ್ದೋಳು ನೀನೇನಾ? ಏನಾಗಿತ್ತು ನಿಂಗೆ?"

"ನೆಗಡಿ," ಎಂದಳು ಮಂಜುಳ. ಅದರ ಮುಂದೆ ಏನೂ ಸೇರಿಸಲಿಲ್ಲ.

"ನೆಗಡೀನಾ!" ಮುನಿನಾರಾಯಣಪ್ಪನವರು ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತು. ಹುಡುಗ ಅವತ್ತು ಮೊದಲ ಸಲ ತಲೆ ಎತ್ತಿದ. "ನಂಗೂ ಓದ್ ವಾರ ಆಗಿತ್ತು," ಎಂದ. ಮಂಜುಳ ಕ್ಯಾನು ಹಿಡಿದುಕೊಂಡೇ ನಕ್ಕಳು. ಅಮ್ಮ ಕಣ್ಣು ಒರೆಸಿಕೊಂಡಳು.

ಅಕ್ಕನವರು ನೇರವಾಗಿ ನನ್ನ ಹತ್ತಿರ ಬಂದರು. "ಎಲ್ಲಿ, ಬಾಯ್ ತೆಗಿ."

ತೆಗೆದೆ. ಒಳಗೆ ಇಣುಕಿ ನೋಡಿದರು.

"ಉಡ್ಗಿ ಸೆಂದಾಗವ್ಳೆ. ಕಾಯ್ಲೆ ಇರೋದು ಇಲ್ಲಿ. ಮದ್ವೆ ಮುಗ್ಯೋ ತನ್ಕ ಈ ಬಾಯಿಗೆ ಕಂಪ್ಲೀಟ್ ರೆಸ್ಟು. ನಂದು ಸ್ಟ್ರಿಕ್ಟ್ ಆರ್ಡ್ರು!"

"ಅಬ್ಸ..." ಎಂದೆ. ರತ್ನ ಕಾಲು ತುಳಿದಳು. "ಸರಿ," ಎಂದೆ.

ಮದುವೆ ಚೆನ್ನಾಗಿ ನಡೆಯಿತು. ಫೋನು, ಮೈಕು ಯಾವುದನ್ನೂ ನನ್ನ ಕೈಗೆ ಕೊಡಲಿಲ್ಲ. ಮಂಜುಳ ಗಂಡನ ಮನೆಗೆ ಹೋದ ಮೇಲೆ ಹಾಲು ಕರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಾಯಿ ಮುಚ್ಚಿಕೊಂಡು ಕೂತರೆ ಹಸು ಒದೆಯುವುದಿಲ್ಲ. ಕಾಯಿಲೆ ಎಲ್ಲಿದೆ ಎಂದು ಅದಕ್ಕೂ ಗೊತ್ತಾಗಿದೆ!