ಕಡೀದು ಯಾರೂ ಹೇಳಬ್ಯಾಡ್ರಿ!

“ಈ ಸಿನಿಮಾದ ಕಡೀದು ಯಾರರ ನನಗ ಹೇಳಿದ್ರ, ಅವತ್ತಿಂದ ಅವರಿಗೂ ನನಗೂ ಸಂಬಂಧ ಇಲ್ಲ!” ಎಂದು ವಿಜಯಕುಮಾರ ಊಟದ ತಟ್ಟೆಯ ಮುಂದೆ ಕೂತು ಘೋಷಿಸಿದ. ರಾಜ, ರಾಕ್ಷಸ, ಹಾರುವ ಆನೆಗಳ ಆ ಇಂಗ್ಲಿಷ್ ಸಿನಿಮಾದ ಮೊದಲ ಎರಡು ಭಾಗಗಳನ್ನು ಅವನು ನಾಲ್ಕು ನಾಲ್ಕು ಸಲ ನೋಡಿದ್ದ. ಮೂರನೆಯದೇ ಕೊನೆಯದು. ಅದಕ್ಕಾಗಿ ಎರಡು ವರ್ಷ ಕಾದಿದ್ದ. ಮಾದಾಪುರದ ಆಫೀಸಿನಲ್ಲಿ ಮೊದಲ ದಿನವೇ ನೋಡಿ ಬಂದವರು ಬಾಯಿ ತೆರೆದರೆ ಸಾಕು, ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಿದ್ದ. ಒಂದು ವಾರ ಕ್ಯಾಂಟೀನಿನ ಚಹಾ ಕೂಡ ಬಿಟ್ಟ!

ಭಾನುವಾರ ಮ್ಯಾಟ್ನಿಗೆ ಹೆಂಡತಿ ಶೀತಲಳನ್ನೂ, ಗುಲಬರ್ಗಾದಿಂದ ಬಂದಿದ್ದ ಅತ್ತೆ ಗಿರಿಜಾಬಾಯಿಯವರನ್ನೂ ಹೊಸ ಕಾರಿನಲ್ಲಿ ಕರೆದೊಯ್ದ. “ಮೊಬೈಲ್ ಬಂದ್ ಮಾಡ್ರಿ. ನಡುವ ಮಾತಿಲ್ಲ!” ಎಂದು ಅಪ್ಪಣೆಯೂ ಆಯಿತು.

ಮೂರು ತಾಸಿಗೆ ರಾಕ್ಷಸ ಸತ್ತ. ರಾಜನ ತಲೆಗೆ ಕಿರೀಟ ಬಂತು. ನಮ್ಮ ವಿಜಯಕುಮಾರ ದಡಕ್ಕನೆ ಎದ್ದ.

“ಮುಗೀತು! ಗದ್ದಲದಾಗ ಸಿಕ್ಕರ ಉಪ್ಪಲ್‌ದಾಗಿನ ಮನಿ ಮುಟ್ಟಾಕ ರಾತ್ರಿ ಆಕೈತಿ. ಗಾಡಿ ಹೊರಗ ತಗದಿಟ್ಟಿರತೀನಿ.”

“ಇನ್ನೂ ಐತಿ ಅನಸ್ತೈತ್ರಿ…” ಎಂದಳು ಶೀತಲ.

“ಕಿರೀಟ ಇಟ್ಟ ಮ್ಯಾಲ ಇನ್ನೇನಿರತೈತಿ? ನನಗ ಕಲಸಾಕ ಬರಬ್ಯಾಡ!”

ಕಾರು ಗೇಟಿನ ಬಳಿ ಬಂದು ನಿಂತಿತು. ಜನ ಮಾತ್ರ ಬರಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ಒಳಗಿನಿಂದ ಚಪ್ಪಾಳೆ! ಮತ್ತೆ ಶಿಳ್ಳೆ! ಎದ್ದೆನೋ ಬಿದ್ದೆನೋ ಎಂದು ಓಡಿದ. ಬಾಗಿಲಲ್ಲಿ ಟಿಕೆಟ್ ಕೇಳಿದರು. ಅದು ಶೀತಲಳ ಪರ್ಸಿನಲ್ಲಿತ್ತು. ಅವಳಿಗೆ ಫೋನ್ ಹಚ್ಚಿದ. ಅವನದೇ ಅಪ್ಪಣೆಯಂತೆ ಅದೂ ಬಂದ್!

“ಬಾಹರ್ ಆಯೆ ತೊ ಖತಮ್, ಸಾಬ್!” ಹೊರಗೆ ಬಂದರೆ ಮುಗಿಯಿತು, ಮತ್ತೆ ಒಳಗೆ ಬಿಡುವುದಿಲ್ಲ ಎಂದ ಬಾಗಿಲು ಕಾಯುವವ, ಹಲ್ಲು ಕಿರಿಯುತ್ತ.

ಎರಡು ವರ್ಷ ಕಾದವನು ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತ. ಒಳಗೆ ಒಂದೊಂದು ಶಿಳ್ಳೆ ಬಿದ್ದಾಗಲೂ ಇಲ್ಲಿ ಹೊಟ್ಟೆ ಉರಿದು ಹೋಗುತ್ತಿತ್ತು.

ಇಪ್ಪತ್ತೈದು ನಿಮಿಷದ ಮೇಲೆ ತಾಯಿ-ಮಗಳು ಹೊರಬಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದೂ ಯಾರು? ಮಧ್ಯಂತರದವರೆಗೆ ಗೊರಕೆ ಹೊಡೆದವರು!

“ಏನಾತ್ರಿ ಅತ್ತಿ? ಆ ರಾಜ ಏನ್ ಮಾಡಿದ? ಲಗೂ ಹೇಳ್ರಿ!”

“ಅಯ್ಯ, ಏನಂತ ಹೇಳಲ್ರಿ! ಪಾಪ, ಆ ರಾಜ ಕಿರೀಟ ತಗದು…”

“ಅವ್ವಾ, ಸುಮ್ಕಿರ!” ಶೀತಲ ಓಡಿ ಬಂದು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದಳು. “ಕಡೀದು ಹೇಳಿದ್ರ ನಮ್ಮ ಸಂಬಂಧನ ಹರೀತೈತಿ!”