ಬೇವಿನ ಗಿಡದ ಮೇಲಿನ ಮಲಾವಿ

"ಒಂದು ಮಂಗ ಅದರೀ ಮೇಡಂ" ಎಂದು ಫೋನಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟದ್ದೇ ಸಂಗಮೇಶ್ವರನಿಗೆ ಮುಳುವಾಯಿತು.

ಆಫ್ರಿಕಾದ ಮಲಾವಿ ದೇಶದಲ್ಲಿ ಗಾಯಗೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡಿ ಮತ್ತೆ ಕಾಡಿಗೆ ಬಿಡುವ ಸಂಸ್ಥೆಯೊಂದಿತ್ತು. ಸುತ್ತಲಿನ ಹಳ್ಳಿಗಳ ಅಭಿವೃದ್ಧಿಯ ಕೆಲಸವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಸಂಗಮೇಶ್ವರ ಅಲ್ಲಿಗೆ ಅರ್ಜಿ ಹಾಕಿದ್ದ; ಸ್ವಯಂಸೇವಕರನ್ನು ಆರಿಸುವವಳು ದೇವಿಕಾ. ಸೇಡಂ ತಾಲೂಕಿನ ಕುರಕುಂಟಾದಲ್ಲಿ ಹುಟ್ಟಿ, ಓದಿ, ಹೇಗೋ ಮಲಾವಿ ಮುಟ್ಟಿದ್ದಳು. "ಈಗ ನಿಮ್ಮ ಆರೈಕಿದಾಗ ಯಾವ ಪ್ರಾಣಿ ಅದ?" ಎಂದು ಆಕೆ ಕೇಳಿದಾಗ ಏನೂ ಇಲ್ಲವೆನ್ನಲು ಸಂಗಮೇಶ್ವರನಿಗೆ ನಾಚಿಕೆಯಾಯಿತು. ಮಂಗ ಅಂದ. ಅದರ ಕೈಗೆ ಪೆಟ್ಟಾಗಿದೆ, ಪಟ್ಟಿ ಕಟ್ಟಿದ್ದೇನೆ ಅಂತಲೂ ಸೇರಿಸಿದ.

ವಾರದ ಮೇಲೆ ಇವತ್ತು ಬೆಳಿಗ್ಗೆ ದೇವಿಕಾಳ ಸಂದೇಶ ಬಂದಿತ್ತು. ಸಂಜೆ ನಾಲ್ಕಕ್ಕೆ ವಿಡಿಯೋ ಕಾಲ್. ಮಂಗನನ್ನು ತೋರಿಸಬೇಕು, ಊರವರ ಜೊತೆಗೂ ಮಾತಾಡಬೇಕು. ಅದರ ಮೇಲೆಯೇ ಆಯ್ಕೆ.

ಆಯ್ಕೆಯಾಗದೆ ಹೋದರೆ ಸಂಗಮೇಶ್ವರ ಐನಾಪುರದಲ್ಲಿ ತಲೆ ಎತ್ತುವಂತಿರಲಿಲ್ಲ. ಏಕೆಂದರೆ ಕಿರಾಣಿ ಅಂಗಡಿಯ ಕಾಶಪ್ಪ ಆಗಲೇ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿಸಿದ್ದ. 'ಆಫ್ರಿಕಾಕ್ಕೆ ಹೊರಟ ಐನಾಪುರದ ಹೆಮ್ಮೆಯ ಪುತ್ರ' ಎಂಬ ದಪ್ಪ ಅಕ್ಷರಗಳ ಕೆಳಗೆ ಸಂಗಮೇಶ್ವರನ ಚಿಕ್ಕ ಫೋಟೋ, ಪಕ್ಕದಲ್ಲಿ ಶುಭ ಕೋರುವ ಕಾಶಪ್ಪನ ದೊಡ್ಡ ಫೋಟೋ. ಶಾಲು ಹೊದಿಸಿ, ಪೇಟಾ ಸುತ್ತಿ ಸತ್ಕಾರವನ್ನೂ ಮುಗಿಸಿದ್ದ. "ಆಯ್ಕೆ ಇನ್ನೂ ಆಗಿಲ್ಲ ಕಾಕಾ" ಎಂದರೆ, "ಆದಮ್ಯಾಲ ಎಲ್ಲಾರೂ ಮಾಡ್ತಾರ, ಮೊದಲ ಮಾಡೋರು ಯಾರು?" ಎಂದಿದ್ದ.

ಹೋಗಬೇಕೆಂಬ ಹಟಕ್ಕೆ ಬೇರೆಯೇ ಕಾರಣವಿತ್ತು. ಸಂಗಮೇಶ್ವರ ಬಿ.ಎ. ಮುಗಿಸಿ, ಮನೆಯ ತೊಗರಿ ಹೊಲ ನೋಡಿಕೊಂಡಿದ್ದವನು. ಅವನ ಬಳಿ ಒಂದು ಬೈಕು, ಒಂದು ಒಳ್ಳೆಯ ಫೋನು, 'ಆಗಲ್ಲ' ಎನ್ನಲು ಬಾರದ ಒಂದು ನಾಲಿಗೆ ಇದ್ದವು. ಹೀಗಾಗಿ ಊರವರ ಗ್ಯಾಸ್ ಸಿಲಿಂಡರ್ ಚಿಂಚೋಳಿಯಿಂದ ತರುವುದು, ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಕೆಟ್ಟ ಪಂಪಿಗೆ ಮಿಸ್ತ್ರಿಯನ್ನು ಹುಡುಕುವುದು, ಎಲ್ಲ ಅವನ ಪಾಲಿಗೇ ಬಂದಿದ್ದವು. ಒಬ್ಬರೂ ಶಹಬಾಸ್ ಅಂದವರಲ್ಲ. ಮಲಾವಿಯಲ್ಲಾದರೋ ಪ್ರಮಾಣಪತ್ರ ಕೊಡುತ್ತಾರೆ, ಚಿರತೆ ಮರಿಯ ಜೊತೆ ಫೋಟೋ ತೆಗೆಯುತ್ತಾರೆ.

"ಪಗಾರ ಎಷ್ಟು ಅಂತ?" ತಾಯಿ ಅಮೃತಮ್ಮ ರೊಟ್ಟಿ ಬಡಿಯುತ್ತ ಕೇಳಿದಳು.

"ಪಗಾರ ಇಲ್ಲವ್ವಾ. ಟಿಕೀಟು, ಊಟ ಅವರದು. ಇದು ಸೇವಾ."

"ಪುಕ್ಕಟೆ ದುಡೀಲಿಕ್ಕ ಅಷ್ಟು ದೂರ ಹೋಗ್ಬೇಕೇನೋ? ಇಲ್ಲೇ ಮಾಡ್ಲಿಕತ್ತೀಯಲ್ಲ!"

ಸಂಗಮೇಶ್ವರ ಮಂಗನಿಗೆ ಆಸೆ ತೋರಿಸಲೆಂದು ಬಾಳೆಹಣ್ಣಿನ ಚಿಪ್ಪು ಹಿಡಿದು ಹೊಲದ ಕಡೆ ಹೊರಟ. ತೊಗರಿ ಕಾಯಿ ತುಂಬುವ ಕಾಲ. ಬೇರೆ ದಿನವಾದರೆ ಮಂಗಗಳ ಹಿಂಡು ಬದುವಿನ ಮೇಲೆ ಮದುವೆಯ ಪಂಕ್ತಿಯಂತೆ ಸಾಲಾಗಿ ಕೂತಿರುತ್ತಿತ್ತು. ಇವತ್ತು ಒಂದು ಬಾಲವೂ ಕಾಣಲಿಲ್ಲ. ಅರ್ಧ ಚಿಪ್ಪು ತಾನೇ ತಿಂದು ಮರಳಿದ.

ದಾರಿಯಲ್ಲಿ ಕಾಶಪ್ಪ ತಡೆದ. ವಿಷಯ ಕೇಳಿ, "ಇಷ್ಟೇ ಏನು? ನಾ ಇಲ್ಲೇನು?" ಎಂದ. ಸಂಗಮೇಶ್ವರ ಬೇಡ ಬೇಡ ಎನ್ನುವಷ್ಟರಲ್ಲಿ ಕಾಶಪ್ಪನ ಕೈಯಲ್ಲಿ ಹನುಮಂತ ದೇವರ ಗುಡಿಯ ಮೈಕು ಕರ್ ಎಂದಿತು.

"ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ನಮ್ಮ ಸಂಗಮೇಶ್ವರಗ ಗಾಯ ಆದ ಮಂಗ ಅರ್ಜೆಂಟ್ ಬೇಕಾಗ್ಯಾದ. ಇದ್ದವರು ಬೇವಿನ ಗಿಡದ ಕಟ್ಟಿ ಹತ್ರ ತಗೊಂಡು ಬರ್ರಿ. ಊರ ಮರ್ಯಾದಿ ಪ್ರಶ್ನಿ ಅದ."

ನಳದ ನೀರು ಬಂತೆಂದು ಕೂಗಿದಾಗಲೂ ಇಷ್ಟು ಬೇಗ ಜನ ಸೇರಿರಲಿಲ್ಲ. ಒಬ್ಬರು ಕಾಲು ಮುರಿದ ಹುಂಜ ತಂದರು. ಇನ್ನೊಬ್ಬರು ತುರಿ ಹತ್ತಿದ ನಾಯಿಮರಿ ತಂದರು. ಒಬ್ಬನಂತೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ತನ್ನ ಹೆಂಡತಿಯ ತಮ್ಮನನ್ನೇ ಕರೆತಂದು, "ಇವನ್ನ ಒಯ್ಯಪಾ, ಮಲಾವಿದಾಗೇ ಬಿಟ್ಟು ಬಾ" ಎಂದ.

"ಮಲಾವಿ ಅಂದ್ರ ಎಲ್ಲಿ ಬರ್ತದ? ತಾಂಡೂರ ಆಚಿಗೇನು?" ಎಂದು ಹುಂಜದವರು ವಿಚಾರಿಸಿದರು.

ಕೊನೆಗೆ ಚಹಾದ ಹೋಟೆಲಿನ ಇಮಾಮ್ಬೀ ಬಾಗಿಲಿಗೆ ಬಂದಳು. "ಅರೇ ಬೇಟಾ, ಮಂಗ ಬೇಕಂದ್ರ ನನ್ನ ಕೇಳೋದಲ್ಲೇನು? ನನ್ನ ಸಾಹೇಬ ಮೂರಕ್ಕೆ ಖಾರಿ ಬಿಸ್ಕೀಟು ತಿನ್ಲಿಕ್ಕ ಬರ್ತಾನ."

ಸಾಹೇಬ ಎಂದರೆ ಒಂದು ಮುದಿ ಗಂಡು ಮಂಗ. ಹೇಳಿದಂತೆಯೇ ಬಂತು. ಮೈಯಲ್ಲಿ ಒಂದು ತರಚಿದ ಗುರುತೂ ಇರಲಿಲ್ಲ. ತಹಸೀಲ್ದಾರರ ಹಾಗೆ ಹೊಟ್ಟೆ ಮುಂದಿಟ್ಟು ಕಟ್ಟೆಯ ಮೇಲೆ ಕೂತಿತು. ಇಮಾಮ್ಬೀ ಒಂದು ಕೈಯಿಂದ ಖಾರಿ ಕೊಡುತ್ತ ಇನ್ನೊಂದು ಕೈಯಿಂದ ಅದರ ಬಲಗೈಗೆ ಪಟ್ಟಿ ಸುತ್ತಿದಳು. ಬಿಳಿ ಬಟ್ಟೆ ಎಲ್ಲೂ ಸಿಗದೆ ಸತ್ಕಾರದ ಪೇಟಾದ ಅಂಚನ್ನೇ ಹರಿದಿದ್ದರು. ಕಾಶಪ್ಪನ ಮುಖ ಸ್ವಲ್ಪ ಸಣ್ಣದಾಯಿತು. ಅಮೃತಮ್ಮ ಮೇಲಿಷ್ಟು ಅರಿಶಿನ ಹಚ್ಚಿದಳು.

ನಾಲ್ಕಕ್ಕೆ ಫೋನು ರಿಂಗಾಯಿತು. ತೆರೆಯ ಮೇಲೆ ದೇವಿಕಾ ನಗುತ್ತಿದ್ದಳು.

"ನಮಸ್ಕಾರ್ರಿ. ಎಲ್ಲದ ನಿಮ್ಮ ಪೇಷಂಟ್?"

"ಇಲ್ಲೇ ನೋಡ್ರಿ ಮೇಡಂ. ಭಾಳ ಅಶಕ್ತ ಆಗ್ಯಾದ. ಕೈ ಎತ್ತಲಿಕ್ಕೂ ಬರೂದಿಲ್ಲ" ಎಂದು ಸಂಗಮೇಶ್ವರ ಫೋನನ್ನು ಸಾಹೇಬನ ಮುಖದ ಹತ್ತಿರ ಒಯ್ದ.

ಎತ್ತಲು ಬಾರದ ಆ ಬಲಗೈಯಿಂದಲೇ ಸಾಹೇಬ ಫೋನು ಕಿತ್ತುಕೊಂಡಿತು. ಒಂದೇ ನೆಗೆತಕ್ಕೆ ಬೇವಿನ ಗಿಡ ಏರಿ ತುದಿಯ ಕೊಂಬೆಯಲ್ಲಿ ಕೂತು, ತೆರೆಯಲ್ಲಿದ್ದ ದೇವಿಕಾಳನ್ನು ಮೂಸಿ ನೋಡಿತು.

ಕೆಳಗೆ ಗದ್ದಲವೆದ್ದಿತು.

"ಎಪ್ಪಾ ಮಂಗಪ್ಪಾ, ಕೊಡೋ! ಅದರಾಗ ನನ್ನ ಮಗನ ಆಫ್ರಿಕಾ ಅದ!" ಅಮೃತಮ್ಮ ಸೆರಗೊಡ್ಡಿದಳು.

"ಕಾಲ್ ಇನ್ನೂ ಚಾಲೂ ಅದ, ಸುಮ್ಮಿರ್ರಿ! ಮೇಡಂ ಎಲ್ಲಾ ಕೇಳ್ಲಿಕತ್ತಾರ!" ಸಂಗಮೇಶ್ವರ ಕೈ ಮುಗಿದ.

"ಕೇಳಿದ್ರೇನು?" ಕಾಶಪ್ಪ ಮೈಕಿನ ದನಿಯಲ್ಲೇ ಹೇಳಿದ. "ಪಟ್ಟಿ ಈಗ ಕಟ್ಟೀವಿ ಅಂತ ಆಕಿಗೇನು ಗೊತ್ತಾಗ್ತದ? ಗಾಯ ಇಲ್ಲ ಅಂತ ನಾವ್ಯಾರೂ ಹೇಳೂದಿಲ್ಲ, ನೀ ಚಿಂತಿ ಬಿಡು!"

ಸಂಗಮೇಶ್ವರ ಕಟ್ಟೆಯ ಮೇಲೆ ಕುಸಿದು ಕೂತ.

ಊರು ಮಾತ್ರ ಕೂರಲಿಲ್ಲ. ಒಬ್ಬರು ತೊಗರಿ ರಾಶಿಗೆ ಹೊದಿಸುವ ತಾಡಪತ್ರಿ ಎಳೆದು ತಂದರು. ಬದುವಿನ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಅದರ ಎದುರುಬದುರು ತುದಿ ಹಿಡಿದು, "ಜರಾ ನಿನ್ನ ಕಡಿ ಎಳೀ" ಎಂದುಕೊಂಡರು. ಹೆಂಗಸರು ಮಕ್ಕಳನ್ನು ದೂರ ಸರಿಸಿ ದಾರಿ ಮಾಡಿದರು. ಇಮಾಮ್ಬೀ ಖಾರಿಯ ಡಬ್ಬಿಯನ್ನು ಗಡಗಡ ಅಲ್ಲಾಡಿಸಿದಳು.

ಡಬ್ಬಿಯ ಸದ್ದಿಗೆ ಸಾಹೇಬ ಎರಡೂ ಕೈ ಚಾಚಿತು. ಫೋನು ತಾಡಪತ್ರಿಯ ನಡುಮಧ್ಯ ಬಂದು ಬಿದ್ದಿತು. ಊರು ಚಪ್ಪಾಳೆ ಹೊಡೆಯಿತು.

"ಹಲೋ? ಸಂಗಮೇಶ್ವರ ಅವ್ರಾ?" ದೇವಿಕಾ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

"ತಪ್ಪಾತ್ರಿ ಮೇಡಂ" ಎಂದ ಆತ, ತೆರೆಯನ್ನು ನೋಡದೆ. "ಮಂಗ ನಂದಲ್ಲ. ಗಾಯನೂ ಇಲ್ಲ."

"ಅದು ಗಿಡದ ಮ್ಯಾಲೇ ಗೊತ್ತಾತು. ಆದ್ರ ಒಂದು ಮಾತು ಹೇಳ್ತೀನಿ ಕೇಳ್ರಿ. ಇಲ್ಲಿ ಒಂದು ಊರಿನ ಮಂದೀನ ಒಂದು ಗಿಡದ ಕೆಳಗ ಕೂಡಿಸ್ಲಿಕ್ಕ ನಮಗ ವರ್ಷ ಹಿಡೀತದ. ನಿಮ್ಮ ಸಲುವಾಗಿ ಇಡೀ ಊರೇ ಬಂದದ. ಇಂಥಾ ಮನಷಾನೇ ನಮಗ ಬೇಕಾಗಿತ್ತು."

ಸಂಗಮೇಶ್ವರನ ತಲೆ ಮೆಲ್ಲಗೆ ಮೇಲೆದ್ದಿತು. "ಅಂದ್ರ… ನಾ ಬರಬೇಕೇನ್ರಿ?"

"ನೀವ್ಯಾಕ ಬರ್ತೀರಿ? ಈ ಊರು ಬಿಡಿಸಿ ನಿಮ್ಮನ್ನ ಕರಕೊಂಡ್ರ ಪಾಪ ಹತ್ತೂದಿಲ್ಲೇನು? ನಾವೇ ಬರ್ತೀವಿ! ಇಲ್ಲಿಂದ ಐದು ಮಂದಿ ಸ್ವಯಂಸೇವಕರನ್ನ ಕಳಿಸ್ತೀನಿ. ತೊಗರಿಗೆ ಬರೋ ಮಂಗಗಳದು ಏನು ಮಾಡಬೇಕು, ಊರು ಹ್ಯಾಂಗ ಕೂಡಿಸಬೇಕು, ನಿಮ್ಮ ಕೈಯಾಗೇ ಕಲೀಲಿ. ಅವರು ಇರೋದು, ಉಣ್ಣೋದು, ತಿರುಗಾಡೋದು, ಎಲ್ಲಾ ನೀವೇ ನೋಡ್ಕೋರಿ."

ಅಮೃತಮ್ಮ ಫೋನಿನೊಳಗೆ ಮುಖ ತೂರಿಸಿದಳು. "ಇವಗ ಪಗಾರ ಎಷ್ಟವ್ವಾ?"

"ಪಗಾರ ಇಲ್ರೀ ಅಮ್ಮಾ. ಇದು ಸೇವಾ."

ಕಾಲ್ ಮುಗಿಯಿತು. ಅಮೃತಮ್ಮ ಮಗನನ್ನೊಮ್ಮೆ ನೋಡಿದಳು; ಬೆಳಿಗ್ಗೆ ಹೇಳಿದ್ದನ್ನು ಮತ್ತೆ ಹೇಳುವ ಅಗತ್ಯವಿರಲಿಲ್ಲ. "ಐದು ಮಂದಿಗಿ ರೊಟ್ಟಿ ಯಾರು ಬಡೀಬೇಕು? ನೀನೇ ಕಲೀ" ಎಂದಷ್ಟೇ ಹೇಳಿ ಮನೆಗೆ ನಡೆದಳು.

ಅಷ್ಟರಲ್ಲಿ ಗುಡಿಯ ಮೈಕು ಮತ್ತೆ ಕರ್ ಎಂದಿತು.

"ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ಆಫ್ರಿಕಾನೇ ನಮ್ಮ ಊರಿಗಿ ಬರ್ಲಿಕತ್ತದ. ಸಂಗಮೇಶ್ವರ ಎಲ್ಲೂ ಹೋಗೂದಿಲ್ಲ. ಯಾರ್ಯಾರದು ಏನೇನು ಕೆಲಸ ನಿಂತಾವ, ಎಂದಿನಂಗ ಅವನ ಮನೀಗಿ ಹೋಗ್ರಿ. ಮೊದಲ ನಂದು ಸಿಲಿಂಡರ್ ಅದ."

ಸಂಗಮೇಶ್ವರ ಖಾಲಿ ಸಿಲಿಂಡರನ್ನು ಬೈಕಿಗೆ ಕಟ್ಟಿದ. ಕಿಕ್ ಹೊಡೆಯುವಾಗ ಹಿಂದೆ ಏನೋ ಭಾರವಾಯಿತು. ತಿರುಗಿ ನೋಡಿದರೆ, ಬಿಚ್ಚಿದ ಪಟ್ಟಿಯನ್ನು ತಲೆಯ ಮೇಲೆ ಪೇಟಾದ ಹಾಗೆ ಹಾಕಿಕೊಂಡು ಸಾಹೇಬ ಸಿಲಿಂಡರಿನ ಮೇಲೆ ಕೂತಿತ್ತು. ಇಳಿ ಎಂದು ಹೇಳಲು ಸಂಗಮೇಶ್ವರ ಬಾಯಿ ತೆರೆದ. ಅವನ ನಾಲಿಗೆಗೆ ಅದೂ ಬರಲಿಲ್ಲ.